ಈಚಲ ಮರದ ಲೆಕ್ಕ

ಯುರೋಪಿನ ಚಿಕ್ಕ ದ್ರಾಕ್ಷಾರಸಗಾರನು ಮುದಿಬಳ್ಳಿಯ ಹಣ್ಣನ್ನು ಬೇರೆಯಾಗಿ ಹಿಂಡಿ, ಬಳ್ಳಿಯ ಹಿರಿತನವನ್ನು ಸೀಸೆಯ ಚೀಟಿಯ ಮೇಲೆ ಹೆಮ್ಮೆಯಿಂದ ನಮೂದಿಸುವುದುಂಟು. ಅಂತಹ ಕಸಬುದಾರನನ್ನು ನಮ್ಮ ಸೀಮೆಯಲ್ಲಿ ಹುಡುಕುವುದಾದರೆ ನಾವು ಹೋಗಬೇಕಾದುದು ಮಧುಗಿರಿ, ಐ.ಡಿ.ಹಳ್ಳಿ, ಶಿರಾಗಳ ಕಡೆಯ ಹಳ್ಳದ ದಡಗಳಿಗೆ. ಹುಡುಕಬೇಕಾದುದು ಈಚಲ ಮರವನ್ನು. ಮಧುವೆಂದರೆ ಜೇನೂ ಹೌದು, ಮದ್ಯವೂ ಹೌದು. ಊರಿನ ಹೆಸರನ್ನು ಜೇನಿಗೇ ಬಿಟ್ಟುಕೊಡೋಣ.

ಈಡಿಗನು ಮರದ ನೆತ್ತಿಯ ಬಳಿ ಗರಿಗಳನ್ನು ಸವರಿ, ಎಳೆಯ ಭಾಗವನ್ನು ಕೆತ್ತಿ, ಗಡಿಗೆ ಕಟ್ಟುತ್ತಿದ್ದನು. ಈ ವರ್ಷ ಒಂದು ಮಗ್ಗುಲಾದರೆ ಬರುವ ವರ್ಷ ಎದುರು ಮಗ್ಗುಲು. ಆದುದರಿಂದ ಕಾಂಡವು ಅಂಕುಡೊಂಕಾಗಿ ಬೆಳೆಯುತ್ತದೆ. ಕಚ್ಚುಗಳನ್ನು ಎಣಿಸಿದರೆ ಮರವು ಎಷ್ಟು ವರ್ಷ ರಸವಿತ್ತಿತೆಂಬುದು ತಿಳಿಯುತ್ತದೆ. ಈಚಲಿಗೆ ಇರುವುದು ಒಂದೇ ಸುಳಿ. ಕತ್ತಿ ಆಳಕ್ಕಿಳಿದರೆ ಮರ ಸತ್ತಂತೆಯೇ. ಕೆಲವು ದಿನ ರಸವಿಳಿಸಿ, ಕೆಲವು ದಿನ ಗಾಯ ಆರಲು ಬಿಡಬೇಕು. ಮುಂಜಾನೆ ಸಿಹಿಯಾಗಿದ್ದ ರಸವು ಹೊತ್ತೇರುತ್ತಲೇ ತಾನಾಗಿ ಹುದುಗಿ ಹೆಂಡವಾಗುತ್ತದೆ, ಮರುದಿನಕ್ಕೆ ಕೆಡುತ್ತದೆ. ಇಲ್ಲಿ ಹಳೆಯದಾಗುವುದು ಮರವೇ ಹೊರತು ಪಾನವಲ್ಲ.

ಈ ಜಾಣ್ಮೆಯನ್ನು ಅರಸರಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ೧೭೯೯ರಲ್ಲಿ ಮಡಿದ ಟಿಪ್ಪು ಸುಲ್ತಾನನು ಮದ್ಯವನ್ನು ನಿಷೇಧಿಸಿದ್ದನು. ಮರುವರ್ಷ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನನ ಪ್ರವಾಸಗ್ರಂಥದಲ್ಲಿ ಈಚಲ ಹೆಂಡದ ಪ್ರಸ್ತಾಪ ಮತ್ತೆ ಬರುತ್ತದೆ. ಅನಂತರ ಅಬ್ಕಾರಿಯು ಸಂಸ್ಥಾನದ ದೊಡ್ಡ ವರಮಾನಗಳಲ್ಲೊಂದಾಯಿತು. ಹೆಚ್ಚು ಕೂಗಿದವನಿಗೆ ಗುತ್ತಿಗೆ. ಅವನ ಕಣ್ಣು ಅವಧಿಯ ಮೇಲೆ. ಈಡಿಗನ ಕಣ್ಣು ಮುಂದಿನ ಕಚ್ಚಿನ ಮೇಲೆ. ಮರಕ್ಕೆ ಬಿಡುವು ಕೊಡುವ ಅಧಿಕಾರ, ಅದನ್ನು ಬಲ್ಲವನ ಕೈತಪ್ಪಿ ಬಲ್ಲದವನ ಕೈಸೇರಿದುದೇ ಈ ಕಸಬಿನ ನಿಜವಾದ ಸೋಲೆಂದು ನಮಗೆ ತೋರುತ್ತದೆ.

೧೯೩೯ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನೇ ಕಡಿದರು. ಆ ಹೋರಾಟದ ಮುಂದಾಳುಗಳಲ್ಲಿ ಎಸ್. ನಿಜಲಿಂಗಪ್ಪನವರೂ ಒಬ್ಬರು. ಕುಡಿತದಿಂದ ಕೆಟ್ಟ ಸಂಸಾರಗಳನ್ನು ಕಂಡವರು ಆ ಕೊಡಲಿಯನ್ನು ಹಳಿಯಲಾರರು. ಬೊಕ್ಕಸಕ್ಕೂ ಅದು ಸರಿಯಾದ ಪೆಟ್ಟೇ. ಆದರೆ ಪೆಟ್ಟು ಬಿದ್ದದ್ದು ಗುತ್ತಿಗೆಯ ಕಾಗದಕ್ಕಲ್ಲ, ಎರಡು ತಲೆಮಾರು ಕಾಪಾಡಿದ್ದ ಮರಕ್ಕೆ.

ಉಳಿದ ಮರಗಳ ಗರಿಯಿಂದ ಪೊರಕೆ, ಚಾಪೆಗಳಾಗುತ್ತವೆ. ಹಳೆಯ ಕಚ್ಚುಗಳುಳ್ಳ ಕಾಂಡ ಕಂಡಲ್ಲಿ ಅವನ್ನೆಣಿಸಿ, ಊರಿನ ಹಿರಿಯ ಈಡಿಗರು ಹೇಳುವುದನ್ನು ಬರೆದಿಡುವ ಕೆಲಸವನ್ನು ನಮ್ಮ ಕಾಲೇಜಿನ ಚರಿತ್ರೆಯ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಕೈಗೊಳ್ಳಬಹುದು.