ಶ್ರೀಗಂಧದ ಪುನಶ್ಚೇತನ ಮತ್ತು ವಂಶವಾಹಿ ಸಂಶೋಧನೆ

ಶ್ರೀಗಂಧ (ಸಾಂಟಲಮ್ ಆಲ್ಬಮ್) ದಕ್ಷಿಣ ಭಾರತದ ಒಣ, ಎಲೆಯುದುರುವ ಕಾಡುಗಳ ಮರ. ಬೇರಿನ ಮೂಲಕ ನೆರೆಯ ಗಿಡಗಳಿಂದ ನೀರು, ಲವಣ ಹೀರುವ ಅರೆಪರಾವಲಂಬಿಯಾದ್ದರಿಂದ ಇದು ಒಂಟಿಯಾಗಿ ಚೆನ್ನಾಗಿ ಬೆಳೆಯದು. ರೋಗ ಮತ್ತು ಕಳ್ಳಸಾಗಣೆಗೆ ಸಿಕ್ಕಿ ನಶಿಸುತ್ತ ಬಂದ ಇದನ್ನು 1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಪಾಯದಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ರೋಗದ ಹುಡುಕಾಟ
ಎಲೆ ಕಿರಿದಾಗಿ, ರೆಂಬೆ ಮುಳ್ಳಿನಂತೆ ನೆಟ್ಟಗಾಗಿ ಮರ ಸಾಯುವ ಸ್ಪೈಕ್ ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಲ್ಲಿ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮೇಲೆ ಮರದ ಬೆಲೆಯೊಂದಿಗೆ ರೋಗದ ಚಿಂತೆಯೂ ಹೆಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಧ್ಯಯನಕ್ಕಿಳಿಯಿತು. ಬಹುಕಾಲ ವೈರಸ್ಸಿನ ಮೇಲಿದ್ದ ಗುಮಾನಿ ತಪ್ಪೆಂದು, ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವೇ ಕಾರಣವೆಂದು 1969ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಧ್ಯಯನಗಳು ತೋರಿಸಿದವು. ಕಾಡಿನಲ್ಲಿ ಬಳಸಬಹುದಾದ ಮದ್ದು ಮಾತ್ರ ಇಂದಿಗೂ ಇಲ್ಲ.

ಅಂಗಾಂಶದಿಂದ ವಂಶವಾಹಿಗೆ
1979ರಲ್ಲಿ ವಿಜ್ಞಾನ ಸಂಸ್ಥೆಯ ಜಿ. ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಗಂಧದ ಕುಡಿಯ ಅಂಗಾಂಶದಿಂದ ಪ್ರಯೋಗಾಲಯದಲ್ಲಿ ಸಸಿ ಬೆಳೆಸಿದರು. ಇದೇ ತಳಪಾಯದ ಮೇಲೆ 1998ರಲ್ಲಿ ಅಗ್ರೋಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾದ ನೆರವಿನಿಂದ ಶ್ರೀಗಂಧಕ್ಕೆ ಹೊರಗಿನ ವಂಶವಾಹಿ ಸೇರಿಸಿದ ವರದಿ ಬಂತು. ಸೇರಿಸಿದ್ದು ರೋಗ ತಡೆಯುವ ವಂಶವಾಹಿಯಲ್ಲ. ವಿಧಾನ ಫಲಿಸಿತೇ ಎಂದು ತಿಳಿಸುವ ಗುರುತು ವಂಶವಾಹಿ. 2018ರಲ್ಲಿ ಬೆಂಗಳೂರಿನ ವಿಜ್ಞಾನಿಗಳಿದ್ದ ತಂಡ ಸುಮಾರು 22 ಕೋಟಿ ಬೇಸ್ ಜೋಡಿಗಳ ಶ್ರೀಗಂಧದ ಜೀನೋಮನ್ನು ಪ್ರಕಟಿಸಿತು.

ಹೊರಗಿನ ನಿದರ್ಶನ
ವಂಶವಾಹಿ ಸೇರಿಸಿ ಮರ ಉಳಿಸುವ ಯತ್ನ ಬೇರೆಡೆ ನಡೆದಿದೆ. ಅಮೆರಿಕದಲ್ಲಿ 1904ರಲ್ಲಿ ಪತ್ತೆಯಾದ ಶಿಲೀಂಧ್ರ ರೋಗ ಕೋಟ್ಯಂತರ ಚೆಸ್ಟ್‌ನಟ್ ಮರಗಳನ್ನು ಕೊಂದಿತ್ತು. ಅದನ್ನು ತಾಳಿಕೊಳ್ಳಲೆಂದು ಗೋಧಿಯ ವಂಶವಾಹಿ ಸೇರಿಸಿದ 'ಡಾರ್ಲಿಂಗ್ 58' ಎಂಬ ಚೆಸ್ಟ್‌ನಟ್ ರೂಪುಗೊಂಡಿತು. ಪ್ರಯೋಗದಲ್ಲಿದ್ದ ಗಿಡಗಳು ಬೇರೊಂದು ತಳಿಸಾಲಿನವೆಂದು ತಿಳಿದು, ಬೆಳವಣಿಗೆಯೂ ನಿರಾಶೆ ತಂದಾಗ, 2023ರಲ್ಲಿ ಅಮೆರಿಕನ್ ಚೆಸ್ಟ್‌ನಟ್ ಪ್ರತಿಷ್ಠಾನ ಬೆಂಬಲ ಹಿಂತೆಗೆದುಕೊಂಡಿತು. ಭಾರತದಲ್ಲಿ ಕುಲಾಂತರಿ ಸಸಿಯನ್ನು ಪರಿಸರಕ್ಕೆ ಬಿಡಲು 1989ರ ನಿಯಮಗಳಡಿ ಅನುಮತಿ ಬೇಕು. 2021ರಲ್ಲಿ ಅಸ್ಸಾಮಿನಲ್ಲಿ ಕುಲಾಂತರಿ ರಬ್ಬರ್ ನೆಟ್ಟದ್ದೂ ಕ್ಷೇತ್ರ ಪ್ರಯೋಗವಾಗಿ ಮಾತ್ರ.

ಇಂದಿನ ನೆಲೆ
ಕರ್ನಾಟಕದಲ್ಲಿ ಶ್ರೀಗಂಧ ನೆಡುವಿಕೆಗೆ ಚಾಲನೆ ಕೊಟ್ಟದ್ದು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಕಾನೂನು. 2001ರ ಅರಣ್ಯ ಕಾಯ್ದೆಯ ತಿದ್ದುಪಡಿ ಜಮೀನಿನಲ್ಲಿರುವ ಗಂಧದ ಮರದ ಒಡೆತನವನ್ನು ರೈತನಿಗೇ ಕೊಟ್ಟಿತು. ಆದರೆ ತೋಟ ಹೆಚ್ಚಿದರೆ ಕಾಡು ಮರಳಿದಂತಲ್ಲ: ಕೆಲವೇ ತಾಯಿಮರಗಳ ಬೀಜದಿಂದ ಎದ್ದ ಸಸಿಗಳಲ್ಲಿ ವೈವಿಧ್ಯ ಕುಗ್ಗುತ್ತದೆ, ರೋಗ ಬಂದರೆ ಎಲ್ಲವೂ ಒಟ್ಟಿಗೆ ಬೀಳಬಹುದು. ಧಾರವಾಡ ಜಿಲ್ಲೆಯ ದುಮ್ಮವಾಡ, ಕಲಘಟಗಿಯಂಥ ಅರೆಮಲೆನಾಡಿನ ಕಾಡಂಚಿನಲ್ಲಿ ಶ್ರೀಗಂಧ ನೆಡುವಾಗಲೂ ಬೀಜ ಎಷ್ಟು ಮರಗಳದ್ದು, ಆಸರೆಗೆ ಯಾವ ಗಿಡ ಎಂಬವೇ ಮೊದಲ ಪ್ರಶ್ನೆಗಳು. ವಂಶವಾಹಿ ಜ್ಞಾನ ಸದ್ಯಕ್ಕೆ ಕಾಡಿಗೆ ಒದಗಬಲ್ಲದ್ದು ಹೊಸ ಮರ ಸೃಷ್ಟಿಸುವುದರಲ್ಲಲ್ಲ, ಉಳಿದ ಮರಗಳಲ್ಲಿ ಯಾವುದರ ಬೀಜ ಆಯಬೇಕೆಂದು ತಿಳಿಸುವುದರಲ್ಲಿ.