ಜುರಾಲಾದಿಂದ ಅಲಂಪುರದವರೆಗೆ: ಒಂದು ದಿನದ ಪ್ರವಾಸ ಮತ್ತು ಸೇಂದಿಯ ಪ್ರಶ್ನೆ

ಶಾಲೆ ತೆರೆದ ಮೊದಲ ವಾರದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ ತಮ್ಮ ಮೊಬೈಲಿನಲ್ಲಿ ಒಂದು ಪ್ರವಾಸದ ಜಾಹೀರಾತನ್ನು ತೋರಿಸಿದರು. ಬೆಳಿಗ್ಗೆ ಜಲಪಾತ, ಮಧ್ಯಾಹ್ನ ಸ್ಥಳೀಯ ವೈನಿನ ರುಚಿ, ಸಂಜೆ ಆ ಸೀಮೆಯ ಊಟ. ಎಲ್ಲವೂ ಒಂದೇ ದಿನದಲ್ಲಿ. "ಹಿಂಗ ಒಂದ ದಿನದಾಗ ಎಲ್ಲಾ ನೋಡೋ ಜಾಗ ನಮ್ಮ ಕಡೆ ಇಲ್ಲೇನ್ರಿ ಸರ್?" ಎಂದು ಕೇಳಿದರು. ಇದೆ ಎಂದೆ. ಆದರೆ ನಮ್ಮ ಜಲಪಾತವೂ ಬೇರೆ ಬಗೆಯದು, ನಮ್ಮ ಪಾನೀಯವೂ ಬೇರೆ ಬಗೆಯದು; ಎರಡನೆಯದರ ವಿಷಯದಲ್ಲಿ ಮಕ್ಕಳೊಡನೆ ಹೊರಡುವ ಕುಟುಂಬ ಮೊದಲೇ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಮಂಡಲಗಳ ಕನ್ನಡ ಮಾಧ್ಯಮ ಶಾಲೆಗಳ ಪೋಷಕರಿಗಾಗಿ ಆ ವಿವರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ನಮ್ಮ ಭಾಗದಲ್ಲಿ ಕೃಷ್ಣೆ ಎತ್ತರದಿಂದ ಧುಮುಕುವುದಿಲ್ಲ. ಆಕೆಯ ಇಳಿತವೆಲ್ಲ ಮೇಲೆಯೇ, ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಸುತ್ತ ಮುಗಿದುಹೋಗುತ್ತದೆ. ದಖನ್ನಿನ ಎತ್ತರದ ನೆಲವನ್ನು ಬಿಟ್ಟು ಸುರಪುರ, ರಾಯಚೂರುಗಳ ಎರೆಭೂಮಿಗೆ ಇಳಿಯುವ ಆ ಜಾಗದಲ್ಲಿ ನದಿಯು ಸುಮಾರು 3 ಮೈಲಿಯ ಹರವಿನಲ್ಲಿ 408 ಅಡಿ ಕೆಳಗಿಳಿಯುತ್ತದೆಂದು ಬ್ರಿಟಿಷರ ಕಾಲದ ಗೆಜೆಟಿಯರು ದಾಖಲಿಸಿದೆ. ಅಲ್ಲಿಂದ ಮುಂದೆ ಆಕೆ ಸಮತಟ್ಟಾದ ಹಾದಿಯವಳು. ಕೃಷ್ಣಾ ಮಂಡಲದ ತಂಗಿಡಿಯ ಬಳಿ ಭೀಮೆಯನ್ನು ಕೂಡಿಕೊಂಡು, ಕುರುವಪುರದ ನಡುಗಡ್ಡೆಯನ್ನು ಬಳಸಿಕೊಂಡು, ಜುರಾಲಾ ಅಣೆಕಟ್ಟೆಗೆ ಬಂದು ನಿಲ್ಲುತ್ತಾಳೆ. ಆ ಅಣೆಕಟ್ಟೆಯ ಬಾಗಿಲುಗಳಿಂದ ಸುರಿಯುವ ನೀರೇ ನಮ್ಮ ಜಲಪಾತ. ಮನುಷ್ಯರು ಕಟ್ಟಿದ್ದು ಎಂಬ ಕಾರಣಕ್ಕೆ ಅದನ್ನು ಕಡೆಗಣಿಸಬೇಕಾಗಿಲ್ಲ. ಪ್ರವಾಹದ ದಿನಗಳಲ್ಲಿ ಅಲ್ಲಿ ನಿಂತು ನೋಡಿದವರು ಹಾಗೆ ಕಡೆಗಣಿಸಲಾರರು.

ಪ್ರಿಯದರ್ಶಿನಿ ಜುರಾಲಾ ಯೋಜನೆಗೆ 1981ರಲ್ಲಿ ಶಂಕುಸ್ಥಾಪನೆಯಾಯಿತು. ಗದ್ವಾಲದ ಕಡೆಯ ರೇವುಲಪಲ್ಲಿಗೂ ಆತ್ಮಕೂರಿನ ಕಡೆಯ ನಂದಿಮಲ್ಲಕ್ಕೂ ನಡುವೆ ಚಾಚಿಕೊಂಡಿರುವ ಈ ಕಟ್ಟೆಗೆ 60ಕ್ಕೂ ಹೆಚ್ಚು ಬಾಗಿಲುಗಳಿವೆ. 39 ಮೆಗಾವ್ಯಾಟ್‌ನ 6 ಘಟಕಗಳ ವಿದ್ಯುದಾಗಾರವಿದೆ. ಆಲಮಟ್ಟಿ, ನಾರಾಯಣಪುರಗಳು ತುಂಬಿ ಕರ್ನಾಟಕವು ನೀರು ಬಿಟ್ಟಾಗ, ಸಾಮಾನ್ಯವಾಗಿ ಜುಲೈ ನಡುಭಾಗದಿಂದ ಸೆಪ್ಟೆಂಬರ್‌ವರೆಗೆ, ಇಲ್ಲಿನ ಬಾಗಿಲುಗಳು ತೆರೆಯುತ್ತವೆ. ಅದಕ್ಕೆ ಗೊತ್ತಾದ ದಿನಾಂಕವೇನೂ ಇಲ್ಲ. ನಾರಾಯಣಪುರದ ಹೊರಹರಿವಿನ ಸುದ್ದಿಯನ್ನು ರಾಯಚೂರಿನ ಪತ್ರಿಕೆಗಳಲ್ಲಿ ನೋಡಿ ಹೊರಟರೆ ಬರಿಗೈಯಲ್ಲಿ ಹಿಂದಿರುಗಬೇಕಾಗುವುದಿಲ್ಲ. ನಮ್ಮ ಮಕ್ಕಳು ಈ ಲೆಕ್ಕಾಚಾರವನ್ನು ಕಲಿಯುವುದು ಒಳ್ಳೆಯದು. ಭೂಗೋಳದ ಪಾಠವು ಪುಸ್ತಕದಿಂದ ಹೊರಗೆ ಬರುವುದು ಇಂಥ ಕಡೆಯಲ್ಲಿಯೇ. ಕೆಳದಂಡೆಯ ಬಂಡೆಗಳ ಮೇಲೆ ಇಳಿಯುವುದು ಮಾತ್ರ ಬೇಡ. ಇನ್ನೊಂದು ಬಾಗಿಲು ಎತ್ತಿದರೆ ನೀರು ಏರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಮಕ್ತಲ್‌ನಿಂದ ಹೊರಡುವವರು ಅಮರಚಿಂತ, ಆತ್ಮಕೂರುಗಳ ಮೇಲೆ ಬೆಳಿಗ್ಗೆ ಒಂಬತ್ತರೊಳಗೆ ಜುರಾಲಾ ಮುಟ್ಟುವಂತಿರಬೇಕು. ಕಟ್ಟೆಯನ್ನು ದಾಟಿದರೆ ಗದ್ವಾಲ. ಅಲ್ಲಿಂದ ಎರ್ರವಲ್ಲಿ ಚೌರಸ್ತಾಕ್ಕೆ ಬಂದು 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ಕರ್ನೂಲಿನ ದಿಕ್ಕಿಗೆ ಸಾಗಿದರೆ ಅಲಂಪುರ ಚೌರಸ್ತಾ. ಅಲಂಪುರದಲ್ಲಿ ಕನಿಷ್ಠ ಮೂರು ಗಂಟೆ ಕೈಯಲ್ಲಿರಬೇಕಾದ್ದರಿಂದ ಗದ್ವಾಲದ ಕೋಟೆ, ಮಗ್ಗಗಳನ್ನು ಇನ್ನೊಂದು ದಿನಕ್ಕೆ ಬಿಡುವುದೇ ಸರಿ. ಕೃಷ್ಣಾ ಮಂಡಲದವರಿಗೆ ರಾಯಚೂರಿನ ಮೇಲೆ ಗದ್ವಾಲಕ್ಕೆ ರೈಲು ಮಾರ್ಗವೂ ಇದೆ. ವೇಳೆಯನ್ನು ವಿಚಾರಿಸಿಕೊಂಡು ಹೊರಡಬೇಕು.

ಇನ್ನು ಊಟ. ಜುರಾಲಾದ ಹೆಸರು ಸುತ್ತಣ ಜಿಲ್ಲೆಗಳಲ್ಲೆಲ್ಲ ಹರಡಿರುವುದು ಮೀನಿನಿಂದ. ಜಲಾಶಯದ ರೋಹು, ಕಟ್ಲಾ ಮೀನುಗಳನ್ನು, ಅದೃಷ್ಟವಿದ್ದರೆ ಕೊರಮೀನನ್ನು, ಖಾರಪುಡಿ, ಬೆಳ್ಳುಳ್ಳಿ, ಅರಿಸಿನ ಹಚ್ಚಿ ನಿಮ್ಮೆದುರಿಗೇ ಕರಿದುಕೊಡುವ ಅಂಗಡಿಗಳು ಕಟ್ಟೆಯ ಬಳಿ ಸಾಲಾಗಿವೆ. ತುಂಡುಗಳನ್ನು ಆರಿಸಿಕೊಂಡು, ತೂಕ ಮಾಡಿಸಿ, ದರವನ್ನು ಮೊದಲೇ ಕೇಳಿಕೊಳ್ಳಿ. ಎಣ್ಣೆಯ ಬಣ್ಣವನ್ನೂ ಒಮ್ಮೆ ಗಮನಿಸಿ. ಕಪ್ಪಾಗಿದ್ದರೆ ಪಕ್ಕದ ಅಂಗಡಿಗೆ ಹೋಗಲು ಸಂಕೋಚ ಪಡಬೇಕಾಗಿಲ್ಲ. ಆದರೆ ರೊಟ್ಟಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕೆಂಬುದು ನನ್ನ ಹಟ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಟಿ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು: ಇವನ್ನು ನದಿಯ ದಂಡೆಯ ಬೇವಿನ ನೆರಳಿನಲ್ಲಿ ಕುಳಿತು ಉಣ್ಣುವಾಗ ಒಂದು ಮೋಜಿನ ಸಂಗತಿ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ನಾವು ಪುಂಡಿ ಎನ್ನುವುದನ್ನು ಪಕ್ಕದ ಪಂಕ್ತಿಯವರು ಗೋಂಗೂರ ಎನ್ನುತ್ತಾರೆ, ನಮ್ಮ ಸಜ್ಜೆ ಅವರಿಗೆ ಸಜ್ಜಲು, ನಮ್ಮ ಜೋಳ ಅವರಿಗೆ ಜೊನ್ನಲು. ಎಲೆಯ ಮೇಲಿನ ಪದಾರ್ಥವಂತೂ ಒಂದೇ.

ಪಾನೀಯದ ವಿಷಯಕ್ಕೆ ಬರುತ್ತೇನೆ. ಕರ್ನಾಟಕವು 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ರೂಪಿಸಿದಾಗ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ, ಅಂದರೆ ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿಯ ಸೀಮೆಯನ್ನೂ, ಗುರುತಿಸಿತು. ಅದೇ ನದಿ ನಮ್ಮಲ್ಲಿಗೂ ಬರುತ್ತದೆ, ಆದರೆ ನಮ್ಮಲ್ಲಿರುವುದು ದ್ರಾಕ್ಷಿಯ ತೋಟಗಳಲ್ಲ, ಈಚಲು ಮತ್ತು ತಾಳೆಯ ಮರಗಳು. ಇಲ್ಲಿನ ಸ್ಥಳೀಯ ಪಾನೀಯವೆಂದರೆ ಸೇಂದಿ. ತೆಲುಗಿನವರ ಬಾಯಲ್ಲಿ ಕಲ್ಲು. ಅದನ್ನು ಇಳಿಸುವುದು ಹಳೆಯ ಕಸುಬು, ಗೌರವದ ಕಸುಬು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದನೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ತಾನು ಮಾರುತ್ತಿದ್ದ ಹೆಂಡವನ್ನೇ ರೂಪಕವಾಗಿಸಿಕೊಂಡು ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಬರೆದವನು ಅವನು.

ಮರದಿಂದ ಸೂರ್ಯೋದಯಕ್ಕೆ ಮುನ್ನ ಇಳಿಸಿದ, ಇನ್ನೂ ಹುಳಿಯದ ಸಿಹಿ ರಸ ನೀರಾ. ಅದರಲ್ಲಿ ಮತ್ತು ಇರುವುದಿಲ್ಲ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ನಿಧಾನವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿನ ಯೀಸ್ಟು ಕೆಲವೇ ಗಂಟೆಗಳಲ್ಲಿ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಅದೇ ಸೇಂದಿ. ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಹೈದರಾಬಾದಿನಲ್ಲಿ 2023ರಲ್ಲಿ ಸರ್ಕಾರವೇ ಒಂದು ನೀರಾ ಕೆಫೆಯನ್ನು ತೆರೆಯಿತು. ನಮ್ಮ ಹಳ್ಳಿಗಳ ಕಡೆ, ಬೇಸಿಗೆಯ ಮುಂಜಾವಿನಲ್ಲಿ, ಪರಿಚಯದ ಗೀತ ಕಾರ್ಮಿಕರಿದ್ದು ಅವರು ನಿಮ್ಮ ಕಣ್ಣೆದುರಿಗೇ ಸುಣ್ಣದ ಮಡಕೆಯಿಂದ ಬಗ್ಗಿಸಿದರೆ ಮಕ್ಕಳಿಗೂ ಒಂದು ಲೋಟ ಕೊಡಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಾದರೆ ತಾಟಿನಿಂಗು ಸಿಗುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇಲ್ಲೊಂದು ತೊಡಕಿದೆ. ತಾಳೆಯ ರಸ ಚೆನ್ನಾಗಿ ಇಳಿಯುವುದು ಬೇಸಿಗೆಯಲ್ಲಿ, ಈಚಲಿನದು ಚಳಿಗಾಲದಲ್ಲಿ. ಮಳೆಗಾಲದಲ್ಲಿ ಎರಡೂ ಕಡಿಮೆ. ಜುರಾಲಾದ ಬಾಗಿಲುಗಳು ತೆರೆಯುವುದು ಮಳೆಗಾಲದಲ್ಲಿ. ಒಂದು ಮರ ದಿನಕ್ಕೆ ಕೊಡುವುದು ಕೆಲವೇ ಲೀಟರು. ಹಾಗಾದರೆ ಆಗಸ್ಟ್ ತಿಂಗಳ ಭಾನುವಾರ ರಸ್ತೆಯ ಪಕ್ಕದ ಅಂಗಡಿಗಳಲ್ಲಿ ಕ್ರೇಟುಗಟ್ಟಲೆ ಸೀಸೆಗಳಲ್ಲಿ ಬರುವ ಸೇಂದಿ ಯಾವ ಮರದ್ದು? ಈ ಪ್ರಶ್ನೆಯನ್ನು ನನ್ನನ್ನು ಕೇಳಿದವನು ಏಳನೆಯ ತರಗತಿಯ ಹುಡುಗ. ಆ ದಿನ ನಾವು ಬಾಡಿಗೆಯ ವಾಹನದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಊಟಕ್ಕೆಂದು ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಚಾಲಕ ಎರಡು ಸೀಸೆ ಸೇಂದಿ ಕುಡಿದು ಬಂದು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಎಬ್ಬಿಸಿದರೆ ಕಣ್ಣು ತೆರೆಯುತ್ತಿದ್ದ, ಮಾತು ಬರುತ್ತಿರಲಿಲ್ಲ. ಬೇರೆ ಚಾಲಕ ಬರುವವರೆಗೆ ಮೂವತ್ತೊಂದು ಮಕ್ಕಳೊಡನೆ ಎರಡೂವರೆ ಗಂಟೆ ಬೇವಿನ ಮರದ ಕೆಳಗೆ ಕುಳಿತಿದ್ದೆವು. ಅಲಂಪುರವನ್ನು ನೋಡಲು ಆ ದಿನ ಆಗಲೇ ಇಲ್ಲ. ಮರದಿಂದ ಇಳಿದ ಸೇಂದಿಯಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು; ಎರಡು ಸೀಸೆ ಕುಡಿದವನನ್ನು ಅದು ಹಾಗೆ ಕೆಡವುವುದಿಲ್ಲ.

ಕೆಡವುವುದು ಅದರಲ್ಲಿ ಬೆರೆಸುವ ಪುಡಿ. ನಮ್ಮ ಗಡಿಯ ಎರಡೂ ಬದಿಯಲ್ಲಿ ಸಿ.ಎಚ್. ಪೌಡರ್ ಎಂದು ಎಲ್ಲರೂ ಬಲ್ಲ ಕ್ಲೋರಲ್ ಹೈಡ್ರೇಟ್, ನಿದ್ರೆಯ ಮಾತ್ರೆಗಳಾದ ಅಲ್ಪ್ರಾಜೋಲಂ, ಡೈಜಿಪಾಂ, ಸಿಹಿಗೆ ಸ್ಯಾಕರೀನು, ಉಳಿದದ್ದು ನೀರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿಗಳನ್ನು ಬಿಟ್ಟು ಉಳಿದ ಕಡೆ 2004ರಿಂದ ಸೇಂದಿ ನಿಷಿದ್ಧ. ತೆಲಂಗಾಣದಲ್ಲಿ ಸಹಕಾರ ಸಂಘಗಳ ಮೂಲಕ ಪರವಾನಗಿಯ ಮಾರಾಟವಿದೆ. ಹೀಗಾಗಿ ರಾಯಚೂರಿನ ಕಡೆಯಿಂದ ಕುಡಿಯಲು ಬರುವವರೂ, ಇಲ್ಲಿಂದ ಅಲ್ಲಿಗೆ ಕದ್ದು ಸಾಗಿಸುವವರೂ ನಮ್ಮ ರಸ್ತೆಗಳಲ್ಲಿಯೇ ಓಡಾಡುತ್ತಾರೆ. ಪರವಾನಗಿಯ ಫಲಕವಿದ್ದ ಮಾತ್ರಕ್ಕೆ ಸೀಸೆಯೊಳಗಿನದು ಮರದ್ದೆಂದು ನಂಬುವಂತಿಲ್ಲ.

ಇದನ್ನು ಪ್ರವಾಸದ ಲೇಖನದಲ್ಲಿ ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಹಲವರ ಮನೆಗಳಲ್ಲಿ ಈ ಸೀಸೆ ದಿನನಿತ್ಯದ ವಸ್ತು. ದುಡಿದು ದಣಿದ ತಂದೆಯೋ ತಾಯಿಯೋ ಕುಡಿಯುತ್ತಾರೆ. ಅಳುವ ಕೂಸಿಗೆ ಒಂದು ಗುಟುಕು ಹಾಕುವುದನ್ನೂ ನಾನು ಕಂಡಿದ್ದೇನೆ. ಅದು ಕೂಸಿನ ಉಸಿರನ್ನೇ ನಿಲ್ಲಿಸಬಲ್ಲದು. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆಯ ಮೇಲೆ ಒಮ್ಮೆಲೇ ಬಿಗಿ ಹಿಡಿದಾಗ ಪಾಲಮೂರು ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಜನರು ನಡುಕ, ಫಿಟ್ಸು, ಭ್ರಮೆಗಳಿಂದ ಆಸ್ಪತ್ರೆಗೆ ಬಂದರು. ಇದರ ಅರ್ಥ ಸ್ಪಷ್ಟ: ವರ್ಷಗಟ್ಟಲೆ ಈ ಪುಡಿಗೆ ಒಗ್ಗಿದ ದೇಹದಿಂದ ಅದನ್ನು ಒಂದೇ ದಿನ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯ. ಬಿಡಬೇಕೆನ್ನುವವರನ್ನು ದೇವರ ಮುಂದೆ ಆಣೆ ಮಾಡಿಸಿ ಸುಮ್ಮನಾಗದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಹಂತಹಂತವಾಗಿ ಬಿಡಿಸುತ್ತಾರೆ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆಗೆ ಹಣವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಪ್ರವಾಸಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ರಸ್ತೆಬದಿಯ ಸೀಸೆಯ ಸೇಂದಿ ದೊಡ್ಡವರಿಗೂ ಬೇಡ. ವಾಹನ ಗೊತ್ತು ಮಾಡುವಾಗ ಚಾಲಕನ ಊಟ ನಮ್ಮ ಪಂಕ್ತಿಯಲ್ಲಿಯೇ ಎಂದು ಮೊದಲೇ ಹೇಳಿಬಿಡಿ. ಆ ದಿನದ ನಂತರ ನಾವು ಹಾಗೆಯೇ ಮಾಡುತ್ತಿದ್ದೇವೆ.

ಅಲಂಪುರಕ್ಕೆ ಮಧ್ಯಾಹ್ನ ಎರಡರ ಹೊತ್ತಿಗೆ ತಲುಪಿದರೆ ಸಾಕು. ಪಶ್ಚಿಮದ ಬಿಸಿಲು ಕೆಂಪು ಕಲ್ಲಿನ ಮೇಲೆ ಬೀಳುವ ಹೊತ್ತು ನೋಡಲು ಬಲು ಚೆಂದ. ತುಂಗಭದ್ರೆ ಊರನ್ನು ತಾಕಿಕೊಂಡೇ ಹರಿಯುತ್ತದೆ. ಸ್ವಲ್ಪ ಕೆಳಗೆ ಕೂಡವೆಲ್ಲಿಯ ಬಳಿ ಕೃಷ್ಣೆಯನ್ನು ಸೇರುತ್ತದೆ. ಬೆಳಿಗ್ಗೆ ಜುರಾಲಾದಲ್ಲಿ ಧುಮುಕಿದ ನೀರು ಹಂಪಿಯ ಕಡೆಯಿಂದ ಬಂದ ನೀರನ್ನು ಕೂಡುವ ಜಾಗವಿದು ಎಂದರೆ ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ. ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರ ಕಾಲದವು, ಏಳು ಮತ್ತು ಎಂಟನೆಯ ಶತಮಾನಗಳವು. ಹೆಸರು ಬ್ರಹ್ಮನದಾದರೂ ಒಂಬತ್ತೂ ಶಿವಾಲಯಗಳೇ; ಇಂದಿಗೂ ಮುಖ್ಯ ಪೂಜೆ ನಡೆಯುವುದು ಬಾಲಬ್ರಹ್ಮದಲ್ಲಿ. ಸ್ವರ್ಗಬ್ರಹ್ಮದ ಶಾಸನವು ವಿನಯಾದಿತ್ಯನ ಆಳ್ವಿಕೆಗೆ (681–696) ಸೇರಿದ್ದು. ಗೋಪುರಗಳ ಬಾಗಿದ ರೇಖೆಯನ್ನು ಮಕ್ಕಳಿಗೆ ತೋರಿಸಿ, ಪಾಠಪುಸ್ತಕದ ಪಟ್ಟದಕಲ್ಲಿನ ಗಳಗನಾಥದ ಚಿತ್ರವನ್ನು ಪಕ್ಕದಲ್ಲಿ ಹಿಡಿಯಿರಿ. ಅವರೇ ಹೇಳುತ್ತಾರೆ. ಪಾಪನಾಶಿ ಗುಂಪಿನ ಗುಡಿಗಳನ್ನೂ ಕೂಡವೆಲ್ಲಿಯ ಸಂಗಮೇಶ್ವರವನ್ನೂ ಶ್ರೀಶೈಲ ಜಲಾಶಯದಲ್ಲಿ ಮುಳುಗದಂತೆ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಜೋಗುಳಾಂಬೆಯ ಈಗಿನ ಗುಡಿ 2005ರದು.

ನಾನು ಹೆಚ್ಚು ಹೊತ್ತು ನಿಲ್ಲುವುದು ವಸ್ತುಸಂಗ್ರಹಾಲಯದ ಶಾಸನಗಳ ಮುಂದೆ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಅಲಂಪುರದಲ್ಲಿವೆ. ಹನ್ನೊಂದು, ಹನ್ನೆರಡನೆಯ ಶತಮಾನದ ಆ ಅಕ್ಷರಗಳಲ್ಲಿ ಗ, ನ, ರ, ಲಗಳನ್ನು ನಮ್ಮ ಮಕ್ಕಳು ಸ್ವಲ್ಪ ಹೊತ್ತಿನಲ್ಲಿಯೇ ಹುಡುಕಿಬಿಡುತ್ತಾರೆ. 'ಸ್ವಸ್ತಿ' ಎಂಬ ಮೊದಲ ಪದ ಓದಲು ಬಂತೆಂದರೆ ಮುಂದಿನ ಸಾಲಿಗೆ ಬೆರಳು ತಾನಾಗಿಯೇ ಜಾರುತ್ತದೆ. (ಕಲ್ಲನ್ನು ಮುಟ್ಟಬಾರದೆಂದು ಆಗ ನೆನಪಿಸಬೇಕಾಗುತ್ತದೆ.) 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲಂಪುರ, ಗದ್ವಾಲ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು ಎಂಬುದನ್ನು ಅಲ್ಲಿಯೇ ಹೇಳುತ್ತೇನೆ. ಗಡಿಯ ವಾದಕ್ಕಾಗಿ ಹೇಳುವುದಲ್ಲ. "ತೆಲಂಗಾಣದಲ್ಲಿದ್ದು ಕನ್ನಡ ಯಾಕೆ ಓದ್ತೀರಿ?" ಎಂದು ಬಸ್ಸಿನಲ್ಲಿಯೂ ಬಜಾರಿನಲ್ಲಿಯೂ ಕೇಳಿಸಿಕೊಂಡು ತಲೆ ತಗ್ಗಿಸುವ ಮಗುವಿಗೆ ಆ ಕಲ್ಲನ್ನು ಕಣ್ಣಾರೆ ತೋರಿಸುವುದು ನನಗೆ ಮುಖ್ಯ.

ವಸ್ತುಸಂಗ್ರಹಾಲಯದ ವಾರದ ರಜೆಯ ದಿನವನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಕೊಳ್ಳಿ. ನದಿಯ ಮೆಟ್ಟಿಲುಗಳಲ್ಲಿ ಮೊಣಕಾಲಿಗಿಂತ ಹೆಚ್ಚಿನ ನೀರಿಗೆ ಯಾರನ್ನೂ ಬಿಡಬೇಡಿ. 2009ರ ಅಕ್ಟೋಬರಿನ ಪ್ರವಾಹದಲ್ಲಿ ಇದೇ ತುಂಗಭದ್ರೆ ಅಲಂಪುರ ಊರೊಳಗೆ ನುಗ್ಗಿತ್ತು. ಐದೂವರೆಗೆ ಅಲಂಪುರ ಬಿಟ್ಟರೆ ಕತ್ತಲಾಗುವುದರೊಳಗೆ ಗದ್ವಾಲ ದಾಟಬಹುದು. ಉಳಿದ ರೊಟ್ಟಿಗೆ ಹಿಂಡಿ, ಮೊಸರು ಹಚ್ಚಿಕೊಟ್ಟರೆ ಮಕ್ಕಳು ವಾಹನದಲ್ಲಿಯೇ ತಿಂದು ಮಲಗುತ್ತಾರೆ.