ತಟಸ್ಥನ ತಕ್ಕಡಿ

ಯುದ್ಧ ಗೆದ್ದವರ ಕಥೆ ಓದುವ ನಾವು, ಯುದ್ಧಕ್ಕೆ ಸರಕು ಮಾರಿದವರನ್ನು ಮರೆಯುತ್ತೇವೆ. ಎರಡನೇ ಮಹಾಯುದ್ಧದಲ್ಲಿ ತುರ್ಕಿ ತಟಸ್ಥವಾಗಿತ್ತು. ಆದರೆ ಅದರ ನೆಲದಲ್ಲಿ ಕ್ರೋಮ್ ಅದಿರಿತ್ತು. ಫಿರಂಗಿ, ಟ್ಯಾಂಕುಗಳ ಗಟ್ಟಿ ಉಕ್ಕಿಗೆ ಅದು ಬೇಕೇ ಬೇಕು. ಅದು ಹಿಟ್ಲರನ ಕೈಸೇರದಿರಲೆಂದು ಬ್ರಿಟನ್ 1940ರಲ್ಲೇ ಖರೀದಿ ಒಪ್ಪಂದ ಮಾಡಿಕೊಂಡಿತು. 1941ರ ಅಕ್ಟೋಬರಿನಲ್ಲಿ ತುರ್ಕಿ ಜರ್ಮನಿಗೂ ಮಾತು ಕೊಟ್ಟಿತು: 1943ರಿಂದ ಅದಿರು, ಬದಲಿಗೆ ಶಸ್ತ್ರಾಸ್ತ್ರ. ಬ್ರಿಟನ್, ಅಮೆರಿಕಗಳು ಹೆಚ್ಚು ಬೆಲೆ ತೆತ್ತು ಕೊಂಡವು. ಕೊನೆಗೆ ಆರ್ಥಿಕ ದಿಗ್ಬಂಧನದ ಬೆದರಿಕೆ ಹಾಕಿದವು. 1944ರ ಏಪ್ರಿಲಿನಲ್ಲಿ ಜರ್ಮನಿಗೆ ರಫ್ತು ನಿಂತಿತು. ಆ ವೇಳೆಗೆ ಜರ್ಮನಿ ಸೋಲಿನ ಹಾದಿಯಲ್ಲಿತ್ತು.

ಎರಡು ಬೆಂಕಿಗಳ ನಡುವೆ ತನ್ನ ಜನರನ್ನು ಉಳಿಸಿಕೊಂಡ ದೇಶವನ್ನು ಸುಲಭವಾಗಿ ದೂರಲಾರೆವು. ಆದರೂ ಕೇಳಲೇಬೇಕು: ಫಿರಂಗಿ ಹಾರಿಸಲಿಲ್ಲ ಎಂದ ಮಾತ್ರಕ್ಕೆ, ಅದಕ್ಕೆ ಅದಿರು ಮಾರಿದವರ ಕೈ ಶುದ್ಧವೇ?